ಕೆತ್ತಿದರೆ ಸ್ಮಾರಕ, ಕೆತ್ತದಿದ್ದರೆ ಖಾಲಿ ಜಾಗ

ಹಳೇ ಗೋವಾದ ಬೋಂ ಜೀಸಸ್ ಬೆಸಿಲಿಕಾದ ಗೋಡೆ ಕೆಂಪುಕಲ್ಲಿನದು. 1594ರಲ್ಲಿ ಶುರುವಾಗಿ 1605ರಲ್ಲಿ ಮುಗಿದ ಈ ಇಗರ್ಜಿಯ ಮೈಮೇಲೆ ಮೊದಲು ಸುಣ್ಣದ ಗಾರೆ ಇತ್ತು. 1950ರ ದಶಕದಲ್ಲಿ ಅದನ್ನು ಕಿತ್ತ ಮೇಲೆ ಕಲ್ಲು ಬಯಲಿಗೆ ಬಿತ್ತು. ಮಳೆಗೆ ಒಂದಿಷ್ಟು ಒಂದಿಷ್ಟಾಗಿ ಸವೆಯತೊಡಗಿತು. ಮತ್ತೆ ಗಾರೆ ಬಳಿಯಬೇಕೋ ಬೇಡವೋ ಎಂಬ ಚರ್ಚೆ ಗೋವಾದಲ್ಲಿ ಆಗಾಗ ಏಳುತ್ತದೆ. ಒಂದು ಗೋಡೆಯ ಕಲ್ಲು ಸವೆಯುವ ಬಗ್ಗೆ ಜನರಿಗೆ ಇಷ್ಟು ಕಾಳಜಿ ಇರುವುದು ಒಳ್ಳೆಯದೇ. 1986ರಿಂದ ಇದು ವಿಶ್ವ ಪರಂಪರೆಯ ತಾಣ. ಕೇಂದ್ರದ ಸಂರಕ್ಷಿತ ಸ್ಮಾರಕವಾದ್ದರಿಂದ ಸುತ್ತಲಿನ 100 ಮೀಟರಿನೊಳಗೆ ಹೊಸ ಕಟ್ಟಡ ಏಳುವಂತಿಲ್ಲ, ಅದರಾಚೆಯ 200 ಮೀಟರಿನಲ್ಲಿ ಅನುಮತಿ ಇಲ್ಲದೆ ಕೆಲಸ ಮಾಡುವಂತಿಲ್ಲ.

ಅದೇ ಕಲ್ಲು ಹುಟ್ಟಿದ ಗುಡ್ಡಗಳ ಪಾಡು ಬೇರೆ. ಗೋವಾದ ಕರಾವಳಿಯ ಉದ್ದಕ್ಕೂ ಚಪ್ಪಟೆ ನೆತ್ತಿಯ ಕೆಂಪುಕಲ್ಲಿನ ಹಾಸುಗಳಿವೆ. ಅಲ್ಲಿನವರು ಅವನ್ನು ಸಡಾ ಎನ್ನುತ್ತಾರೆ. ಮಂಗಳೂರು, ಕಾಸರಗೋಡು ಕಡೆಯವರು ಪದವು ಎನ್ನುವುದು ಇಂಥದ್ದನ್ನೇ. ಸರ್ಕಾರಿ ಕಡತಗಳಲ್ಲಿ ಅವು ಬಂಜರು, ಪಾಳು, ಲಭ್ಯವಿರುವ ಭೂಮಿ. ವಿಮಾನ ನಿಲ್ದಾಣ, ಕೈಗಾರಿಕಾ ವಸಾಹತು, ಬಡಾವಣೆ ಯಾವುದಕ್ಕೆ ಜಾಗ ಹುಡುಕಿದರೂ ಮೊದಲು ಬೆರಳು ಹೋಗುವುದು ಅಲ್ಲಿಗೇ. ಗುಡ್ಡ ಕಡಿಯುವುದನ್ನು ನಿಯಂತ್ರಿಸಲು ಗೋವಾದ ನಗರ ಯೋಜನಾ ಕಾಯ್ದೆಯಲ್ಲಿ 17ಎ ಎಂಬ ಕಲಂ ಇದೆ, ನಿಜ. ಆದರೆ ಅದು ಗುಡ್ಡದ ಇಳಿಜಾರನ್ನು ನೋಡುತ್ತದೆ, ಕಲ್ಲಿನ ಚರಿತ್ರೆಯನ್ನು ಕೇಳುವುದಿಲ್ಲ. ಮನುಷ್ಯ ಕೆತ್ತಿ, ಗೋಡೆಗೆ ಇಟ್ಟ ಮೇಲಷ್ಟೇ ಕಲ್ಲಿಗೆ ಬೆಲೆ. ಅದಕ್ಕೆ ಮುಂಚೆ ಅದು ಬರೀ ಜಾಗ. ಈ ನೋಟ ಬದಲಾಗದೆ ಗೋವಾದ ಭೂಚರಿತ್ರೆ ಉಳಿಯುವ ದಾರಿಯಿಲ್ಲ. ಇದು ಗೋವಾದ ಪಾಡು ಮಾತ್ರವಲ್ಲ, ಕರ್ನಾಟಕದ್ದೂ ಹೌದು.

ಈ ಕೆಂಪುಕಲ್ಲು, ಮಲೆನಾಡಿನವರ ಜಂಬಿಟ್ಟಿಗೆ, ಹುಟ್ಟುವ ಬಗೆಯೇ ಸೋಜಿಗದ್ದು. ಬಿಸಿಲು ಸುಡುವ, ಮಳೆ ಹೊಯ್ಯುವ ನಾಡಿನಲ್ಲಿ ಲಕ್ಷಾಂತರ ವರ್ಷ ನೀರು ಬಂಡೆಯೊಳಕ್ಕೆ ಇಳಿಯುತ್ತದೆ. ಸಿಲಿಕಾ, ಸುಣ್ಣ, ಸೋಡಿಯಂ, ಪೊಟ್ಯಾಸಿಯಂಗಳನ್ನು ಕರಗಿಸಿ ಒಯ್ಯುತ್ತದೆ. ಕರಗದೆ ಉಳಿಯುವುದು ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು. ನೆಲದಡಿಯಲ್ಲಿ ಇರುವಾಗ ಕೊಡಲಿಯಂಥ ಹತಾರಕ್ಕೂ ಬಗ್ಗುವಷ್ಟು ಮೆದು, ಗಾಳಿಗೆ ಒಡ್ಡಿದ ಮೇಲೆ ಮನೆ ಹೊರುವಷ್ಟು ಗಟ್ಟಿ. 1800–01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಗುಣವನ್ನು ಗಮನಿಸಿ, 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಗ್ರಂಥದಲ್ಲಿ ಇದಕ್ಕೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟ. ಜಗತ್ತಿನ ಎಲ್ಲ ಭೂವಿಜ್ಞಾನ ಪುಸ್ತಕಗಳಲ್ಲೂ ಇಂದು ಆ ಹೆಸರಿದೆ. ಅವನು ಕಂಡ ಕೇರಳದ ಅಂಗಡಿಪುರಂನಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಫಲಕ ನಿಲ್ಲಿಸಿ, ಆ ಜಾಗವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಗುರುತಿಸಿದೆ. ಗೋವಾದ ಸಡಾಗಳು ಅದಕ್ಕಿಂತ ಎಷ್ಟೋ ಪಟ್ಟು ವಿಸ್ತಾರವಾಗಿವೆ, ಅಷ್ಟೇ ಅರ್ಥವುಳ್ಳವೂ ಆಗಿವೆ.

ಸಡಾ ಎಂದರೆ ಬೇಸಿಗೆಯಲ್ಲಿ ಕಾದ ಬೋಳು ಬಂಡೆ. ಹಾಗೆ ನೋಡಿದವರಿಗೆ ಅದು ಬಂಜರಾಗಿಯೇ ಕಾಣುತ್ತದೆ. ಜುಲೈ, ಆಗಸ್ಟಿನಲ್ಲಿ ಅಲ್ಲಿಗೆ ಹೋದವರು ಬೇರೆಯದನ್ನು ನೋಡುತ್ತಾರೆ: ಗುಳಿಗಳಲ್ಲಿ ನಿಂತ ನೀರು, ಅಂಗೈಯಗಲದ ಮಣ್ಣಿನಲ್ಲಿ ಅರಳಿದ ನೀಲಿ, ಬಿಳಿ ಹೂಗಳು, ಪೋಷಕಾಂಶ ಸಾಲದ ನೆಲದಲ್ಲಿ ಹುಳು ಹಿಡಿದು ತಿಂದು ಬದುಕುವ ಕೀಟಾಹಾರಿ ಗಿಡಗಳು. ಇನ್ನೂ ದೊಡ್ಡ ಕೆಲಸ ನಡೆಯುವುದು ಕಣ್ಣಿಗೆ ಕಾಣದ ಕಡೆ. ತೂತುತೂತಾದ ಕೆಂಪುಕಲ್ಲಿನೊಳಗೆ ಮಳೆನೀರು ಇಳಿಯುತ್ತದೆ, ಅದರ ಕೆಳಗಿನ ಜೇಡಿಯ ಪದರದ ಮೇಲೆ ನಿಲ್ಲುತ್ತದೆ, ಅಡ್ಡಲಾಗಿ ಸಾಗಿ ಗುಡ್ಡದ ಬುಡದಲ್ಲಿ ಒರತೆಯಾಗಿ ಹೊರಬರುತ್ತದೆ. ಗೋವಾದ ಹಳ್ಳಿಗಳ ಕುಳಾಗರಗಳು, ಎಂದರೆ ಅಡಿಕೆ, ತೆಂಗು, ಬಾಳೆ, ಮೆಣಸು ಕೂಡಿ ಬೆಳೆಯುವ ತೋಟಗಳು, ಬೇಸಿಗೆ ದಾಟುವುದು ಇಂಥ ಒರತೆಗಳನ್ನು ನಂಬಿ.

ಈ ಜ್ಞಾನ ಕನ್ನಡಿಗರಿಗೆ ಹೊಸದಲ್ಲ. ಕಾಸರಗೋಡು, ಬಂಟ್ವಾಳ ಸೀಮೆಯ ಕೃಷಿಕರು ಕೆಂಪುಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು, ಪಂಪಿನ ಹಂಗಿಲ್ಲದೆ ತೋಟಕ್ಕೆ ನೀರು ಹರಿಸಿಕೊಂಡು ಬಂದಿದ್ದಾರೆ. ಬಂಟ್ವಾಳ ತಾಲ್ಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದರು. ಮೊದಮೊದಲಿನ ಸುರಂಗಗಳಲ್ಲಿ ನೀರು ಸಿಗಲಿಲ್ಲ. ಮತ್ತೆ ಮತ್ತೆ ಕೊರೆದು ನೀರು ಕಂಡರು, ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಯಾವ ಪದರದಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಕಲ್ಲು ಕುಸಿಯುತ್ತದೆ ಎಂಬುದನ್ನು ಕೈಯಿಂದಲೇ ಕಲಿತ ಇಂಥವರದ್ದು ಅಪ್ಪಟ ಭೂವಿಜ್ಞಾನ. ಗುಡ್ಡದ ನೆತ್ತಿಗೆ ಕಾಂಕ್ರೀಟು ಹೊದಿಸಿದರೆ ಬುಡದ ಒರತೆ ಬತ್ತುತ್ತದೆ ಎಂದು ಅವರಿಗೆ ಯಾರೂ ಪಾಠ ಹೇಳಬೇಕಿಲ್ಲ.

ಉತ್ತರ ಗೋವಾದ ಮೋಪಾ ಸಡಾದ ಮೇಲೆ ವಿಮಾನ ನಿಲ್ದಾಣ ಕಟ್ಟುವ ವಿಚಾರ ಸುಪ್ರೀಂ ಕೋರ್ಟಿಗೆ ಹೋದದ್ದು ಇಂಥ ಕಾಳಜಿಗಳಿಂದಲೇ. ಪರಿಸರದ ಬಗ್ಗೆ ಹೇಳಬೇಕಾದ್ದನ್ನು ಅರ್ಜಿಯಲ್ಲಿ ಸರಿಯಾಗಿ ಹೇಳಿಲ್ಲ ಎಂದು ನ್ಯಾಯಾಲಯ 2019ರ ಮಾರ್ಚಿನಲ್ಲಿ ಪರಿಸರ ಅನುಮತಿಯನ್ನು ತಡೆಹಿಡಿದು, ಮರುಪರಿಶೀಲನೆಗೆ ಕಳಿಸಿತು. 2020ರ ಜನವರಿಯಲ್ಲಿ ತಡೆ ತೆರವಾಯಿತು. 2022ರ ಡಿಸೆಂಬರಿನಲ್ಲಿ ಉದ್ಘಾಟನೆ, 2023ರ ಜನವರಿಯಿಂದ ಹಾರಾಟ. ಬೆಳೆಯುವ ರಾಜ್ಯಕ್ಕೆ ಎರಡನೆಯ ವಿಮಾನ ನಿಲ್ದಾಣ ಬೇಡವೆನ್ನುವುದು ಸುಲಭವಲ್ಲ. ಆದರೆ ಆ ವಾದ ವಿವಾದವೆಲ್ಲ ಮರ, ಕಾಡು, ಜೀವಜಾಲಗಳ ಹೆಸರಿನಲ್ಲಿ ನಡೆಯಬೇಕಾಯಿತು. ಕಲ್ಲಿನ ಹಾಸೇ ಒಂದು ಪರಂಪರೆ ಎಂದು ವಾದಿಸಲು ವಕೀಲರ ಕೈಯಲ್ಲಿ ಕಾನೂನೇ ಇರಲಿಲ್ಲ. ಇಂದಿಗೂ ಇಲ್ಲ.

ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಗೋವಾಕ್ಕೆ ಹೊರಟ ಪ್ರವಾಸಿಗರ ಮನಸ್ಸು ಘಾಟಿ ಇಳಿಯುವ ಮುಂಚೆಯೇ ಸಮುದ್ರ ಮುಟ್ಟಿರುತ್ತದೆ. ಅನ್ಮೋಡದಿಂದ ಮೊಲೆಂ ಕಡೆಗೆ ಇಳಿಯುವ ತಿರುವುಗಳಲ್ಲಿ ಬಸ್ಸಿನ ಕಿಟಕಿಗೆ ಕೈಚಾಚುವಷ್ಟು ಹತ್ತಿರ ನಿಂತಿರುವುದು ಗೋವಾದ ಅತ್ಯಂತ ಹಳೆಯ ಬಂಡೆ. ಈ ನೈಸ್ ಶಿಲೆಯ ವಯಸ್ಸನ್ನು ಭೂವಿಜ್ಞಾನಿಗಳು ಸುಮಾರು 330ರಿಂದ 340 ಕೋಟಿ ವರ್ಷ ಎಂದು ಅಂದಾಜಿಸಿದ್ದಾರೆ. ಭೂಮಿಯ ವಯಸ್ಸೇ ಸುಮಾರು 450 ಕೋಟಿ ವರ್ಷ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ಹೊತ್ತು ನಿಂತ ಬಂಡೆಯೂ ಇದೇ ಮನೆತನದ್ದು. ಅದರ ವಯಸ್ಸು ಸುಮಾರು 300 ಕೋಟಿ. ಧಾರವಾಡದ ಹೆಸರು ಹೊತ್ತ ಪ್ರಾಚೀನ ಭೂಖಂಡದ ತುಣುಕಿನ ಪಶ್ಚಿಮದ ಅಂಚೇ ಗೋವಾ. ಮಹದಾಯಿ ನೀರಿಗಾಗಿ ಎರಡೂ ರಾಜ್ಯಗಳು ನ್ಯಾಯಮಂಡಳಿ, ನ್ಯಾಯಾಲಯ ಹತ್ತಿದ್ದು ಎಲ್ಲರಿಗೂ ಗೊತ್ತು. ಆ ನದಿ ಖಾನಾಪುರದ ಕಾಡಿನಲ್ಲಿ ಹುಟ್ಟಿ ಪಣಜಿಯಲ್ಲಿ ಸಮುದ್ರ ಸೇರುವ ತನಕ ಹರಿಯುವ ತಳಪಾಯದ ಬಂಡೆಗೆ ರಾಜ್ಯದ ಗಡಿ ಗೊತ್ತಿಲ್ಲ.

ಉಳಿದ ಪುಟಗಳನ್ನೂ ಗೋವಾ ತನ್ನ 3,702 ಚದರ ಕಿಲೋಮೀಟರಿನಲ್ಲೇ ಇಟ್ಟುಕೊಂಡಿದೆ. ಚೋರ್ಲಾ ಘಾಟಿಯ ಕಡೆ, ಈಶಾನ್ಯದ ಅಂಚಿನಲ್ಲಿ, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ದಖ್ಖನ್ ಲಾವಾದ ಕಪ್ಪು ಪದರಗಳು. ಕಾಣಕೋಣದಲ್ಲಿ, ಪಾಳೊಳೆಂ ಕಡಲತೀರದ ತುದಿಗಳಲ್ಲಿ, ದೊಡ್ಡ ಹರಳುಗಳ ಗ್ರಾನೈಟ್ ಗುಂಡುಗಳು. ದೋನಾ ಪಾವ್ಲಾದ ಕಡಲಂಚಿನಲ್ಲಿ, ಫೋಟೊ ತೆಗೆಸಿಕೊಳ್ಳುವವರ ಕಾಲಡಿಯಲ್ಲೇ, ಒಂದಾನೊಂದು ಕಾಲದ ಸಮುದ್ರದ ತಳಕ್ಕೆ ಜಾರಿ ಬಿದ್ದ ಮರಳು ಕೆಸರು ಗಟ್ಟಿಗೊಂಡು ಆದ ಗ್ರೇವ್ಯಾಕ್ ಕಲ್ಲು. ಡಿಚೋಲಿ, ಸಾಂಗೆಂ ತಾಲ್ಲೂಕುಗಳಲ್ಲಿ ಪಟ್ಟೆಪಟ್ಟೆಯಾದ ಕಬ್ಬಿಣದ ಶಿಲೆ. ಗಾಳಿಯಲ್ಲಿ ಆಮ್ಲಜನಕ ಇನ್ನೂ ಹೆಸರಿಗಷ್ಟೇ ಇದ್ದ ಯುಗದಲ್ಲಿ ಕಡಲ ನೀರಿನಿಂದ ಇಳಿದು ತಳಕಂಡ ಕಬ್ಬಿಣ ಅದು. ಇಷ್ಟು ಸಣ್ಣ ನಾಡಿನಲ್ಲಿ, ಒಂದು ದಿನದ ಓಡಾಟದಲ್ಲಿ, ಇಷ್ಟು ದೀರ್ಘ ಚರಿತ್ರೆಯನ್ನು ಕಣ್ಣಾರೆ ನೋಡಬಹುದಾದ ಜಾಗಗಳು ದೇಶದಲ್ಲಿ ಹೆಚ್ಚಿಲ್ಲ.

ಆದರೂ ಬಹುಕಾಲ 32 ಎಂದೇ ಎಣಿಸುತ್ತಿದ್ದ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳ ಪಟ್ಟಿಯಲ್ಲಿ ಗೋವಾದ ಒಂದು ಹೆಸರೂ ಇರಲಿಲ್ಲ. ಕರ್ನಾಟಕದವು ನಾಲ್ಕು: ಲಾಲ್‌ಬಾಗಿನ ಬಂಡೆ, ಉಡುಪಿಯ ಸೇಂಟ್ ಮೇರಿಸ್ ದ್ವೀಪದ ಕಂಬಗಲ್ಲುಗಳು, ಚಿತ್ರದುರ್ಗ ಬಳಿಯ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ, ಕೋಲಾರ ಚಿನ್ನದ ಗಣಿ ಪ್ರದೇಶದ ಜ್ವಾಲಾಮುಖಿ ಶಿಲೆಗಳು.

ಪಟ್ಟಿಗೆ ಸೇರಿದ ಮಾತ್ರಕ್ಕೆ ಕಲ್ಲು ಉಳಿಯುತ್ತದೆಯೇ? ಇಲ್ಲ. ಈ ಪಟ್ಟಿಗೆ ಗೌರವವಿದೆ, ಕಾನೂನಿನ ಬಲವಿಲ್ಲ. 1958ರ ಕೇಂದ್ರ ಪುರಾತತ್ವ ಕಾಯ್ದೆ ಮನುಷ್ಯ ಕಟ್ಟಿದ್ದು, ಕೆತ್ತಿದ್ದು, ಬಳಸಿದ್ದನ್ನು ಕಾಯುತ್ತದೆ. 2025ರಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುರಂಗ ರಸ್ತೆ ಕೊರೆಯುವ ಯೋಜನೆ ಲಾಲ್‌ಬಾಗಿನ ನೆಲವನ್ನೂ ತಾಕುತ್ತದೆ ಎಂದು ತಿಳಿದಾಗ ಬೆಂಗಳೂರಿನ ನಾಗರಿಕರು, ಭೂವಿಜ್ಞಾನಿಗಳು ಬೀದಿಗಿಳಿಯಬೇಕಾಯಿತು. ದೇಶದ ಅತಿ ಹೆಚ್ಚು ಜನ ನೋಡಿದ ಭೂವೈಜ್ಞಾನಿಕ ಸ್ಮಾರಕಗಳಲ್ಲಿ ಒಂದಾದ ಆ ಬಂಡೆಗೇ ಈ ಸ್ಥಿತಿ ಎಂದಾದರೆ, ಪೆಡ್ಣೆ ತಾಲ್ಲೂಕಿನ ಹೆಸರಿಲ್ಲದ ಸಡಾದ ಗತಿಯನ್ನು ಊಹಿಸಬಹುದು. ಬ್ರಿಟನ್ನಿನಲ್ಲಿ 1949ರ ಕಾಯ್ದೆಯೇ ಗಿಡ, ಪ್ರಾಣಿಗಳ ಜೊತೆಗೆ ಭೂವೈಜ್ಞಾನಿಕ ಮಹತ್ವದ ಜಾಗಗಳಿಗೂ ರಕ್ಷಣೆ ಕೊಟ್ಟಿತು. ಭಾರತದ ಗಣಿ ಸಚಿವಾಲಯ ಭೂಪರಂಪರೆ ತಾಣಗಳ ಸಂರಕ್ಷಣೆಗೆ ಕರಡು ಮಸೂದೆ ಹೊರತಂದದ್ದು 2022ರ ಡಿಸೆಂಬರಿನಲ್ಲಿ. ಎಲ್ಲ ಅಧಿಕಾರವೂ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಕೈಗಷ್ಟೇ ಹೋಗುತ್ತದೆ, ರಾಜ್ಯಗಳು, ವಿಶ್ವವಿದ್ಯಾಲಯಗಳು, ಸ್ಥಳೀಯರು ಹೊರಗುಳಿಯುತ್ತಾರೆ ಎಂಬ ಆಕ್ಷೇಪ ಬಂತು. ಆಕ್ಷೇಪ ಸರಿಯಾದದ್ದೇ. ಅದನ್ನು ತಿದ್ದಿ ಸಂಸತ್ತಿನ ಮುಂದೆ ತರಬೇಕಿತ್ತು. ಮಸೂದೆ ಕರಡಾಗಿಯೇ ಉಳಿಯಿತು.

ದೆಹಲಿಯ ದಾರಿ ಕಾಯುತ್ತ ಕೂರುವ ಅಗತ್ಯ ಗೋವಾಕ್ಕಿಲ್ಲ. ಭೂಮಿ ರಾಜ್ಯದ ವಿಷಯ. ಪ್ರಾಚೀನ ಸ್ಮಾರಕಗಳಿಗಾಗಿ ಗೋವಾದ್ದೇ ಆದ 1978ರ ಕಾಯ್ದೆ ಇದೆ. ಅದಕ್ಕೆ ಭೂವೈಜ್ಞಾನಿಕ ತಾಣ ಎಂಬ ಒಂದು ವರ್ಗ ಸೇರಿಸುವ ಕೆಲಸ ವಿಧಾನಸಭೆಯ ಒಂದು ಅಧಿವೇಶನದಲ್ಲಿ ಮುಗಿಯುವಂಥದ್ದು. ಅದಕ್ಕೂ ತಡವಾಗುವುದಾದರೆ 2002ರ ಜೀವವೈವಿಧ್ಯ ಕಾಯ್ದೆಯ 37ನೆಯ ಕಲಂ ಕೈಯಲ್ಲೇ ಇದೆ. ಸ್ಥಳೀಯ ಸಂಸ್ಥೆಗಳನ್ನು ಕೇಳಿಕೊಂಡು ರಾಜ್ಯ ಸರ್ಕಾರ ಜೀವವೈವಿಧ್ಯ ಪರಂಪರೆ ತಾಣ ಘೋಷಿಸಲು ಅದು ಅವಕಾಶ ಕೊಡುತ್ತದೆ. ಕರ್ನಾಟಕ ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪನ್ನು ಹೀಗೆ ಉಳಿಸಿಕೊಂಡಿತು. ಗೋವಾ ಡಿಚೋಲಿ ತಾಲ್ಲೂಕಿನ ಸುರ್ಲದ ಪೂರ್ವತಳಿ ರಾಯ್ ಎಂಬ ದೇವರಕಾಡನ್ನು ತನ್ನ ಮೊದಲ ಪರಂಪರೆ ತಾಣವಾಗಿ ಘೋಷಿಸಿದೆ. ಹೂ ಬಿಡುವ ಸಡಾಗಳಿಗೆ ಈ ಕಲಂ ನೇರವಾಗಿ ಅನ್ವಯಿಸುತ್ತದೆ, ಏಕೆಂದರೆ ಆ ಜೀವಜಾಲ ಆ ಕಲ್ಲಿನಿಂದಲೇ ಬಂದದ್ದು.

ಕೆತ್ತಿದ್ದನ್ನು ಕಾದು, ಕೆತ್ತದ್ದನ್ನು ಬಿಡುವ ಪದ್ಧತಿಯ ಕೊರತೆ ತೀರಾ ಎದ್ದು ಕಾಣುವುದು ದಕ್ಷಿಣ ಗೋವಾದ ಉಸ್ಗಾಳಿಮಳದಲ್ಲಿ. ರಿವಣದ ಹತ್ತಿರ ಕುಶಾವತಿ ನದಿ ತಿರುಗುವ ದಡದಲ್ಲಿ ಕೆಂಪುಕಲ್ಲಿನ ವಿಶಾಲ ಹಾಸಿದೆ. ಅದರ ಮೇಲೆ ನೂರಕ್ಕೂ ಹೆಚ್ಚು ಚಿತ್ರಗಳು: ಗೂಳಿ, ಜಿಂಕೆ, ನವಿಲು, ಕುಣಿಯುವ ಹೆಣ್ಣು, ಸುತ್ತಿ ಸುತ್ತಿ ಒಳಗೆ ಹೋಗುವ ಚಕ್ರವ್ಯೂಹದಂಥ ವಲಯ. ಸಾವಿರಾರು ವರ್ಷ ಹಿಂದೆ ಯಾರೋ ಕಲ್ಲಿನಿಂದಲೇ ಕಲ್ಲಿಗೆ ಕುಟ್ಟಿ ಮೂಡಿಸಿದ್ದು. ಊರವರಿಗೆ ಗೊತ್ತಿದ್ದ ಈ ಜಾಗ ಸಂಶೋಧಕರ ಕಣ್ಣಿಗೆ ಬಿದ್ದದ್ದು 1993ರಲ್ಲಿ, ಅದೂ ಊರವರೇ ತಿಳಿಸಿದ ಮೇಲೆ. 2022ರಲ್ಲಿ ಕೊಂಕಣದ ಶಿಲಾಚಿತ್ರಗಳು ಯುನೆಸ್ಕೊದ ತಾತ್ಕಾಲಿಕ ಪಟ್ಟಿ ಸೇರಿದಾಗ ರತ್ನಾಗಿರಿ, ಸಿಂಧುದುರ್ಗ ಜಿಲ್ಲೆಗಳ ತಾಣಗಳ ಜೊತೆ ಗೋವಾದ ಈ ತಾಣವೂ ಇತ್ತು.

ಇಲ್ಲಿ ಚಿತ್ರ ಬೇರೆ, ಕಲ್ಲು ಬೇರೆ ಎಂದು ಹೇಳಲು ಬರುತ್ತದೆಯೇ? ಕುಟ್ಟಿದರೆ ಗೆರೆ ಮೂಡುವಷ್ಟು ಮೆದು, ಸಾವಿರಾರು ಮಳೆಗಾಲ ತಾಳುವಷ್ಟು ಗಟ್ಟಿ ಇದ್ದದ್ದರಿಂದಲೇ ಆ ಕಲಾವಿದರು ಈ ಹಾಸನ್ನು ಆರಿಸಿಕೊಂಡಿರಬೇಕು. ಚಿತ್ರದ ಆಯುಷ್ಯ ಕಲ್ಲಿನ ಗುಣಕ್ಕೆ, ಕಲ್ಲಿನ ಆಯುಷ್ಯ ನದಿಯ ನಡೆಗೆ ಅಂಟಿಕೊಂಡಿದೆ. ಮಳೆಗಾಲದಲ್ಲಿ ಕುಶಾವತಿ ಉಕ್ಕಿದರೆ ಹೂಳು ಬಂದು ಗೆರೆಗಳ ಮೇಲೆ ಕೂರುತ್ತದೆ. ಸುತ್ತಲಿನದು ಗಣಿಗಾರಿಕೆ ಕಂಡ ಸೀಮೆ; ಮೇಲ್ದಂಡೆಯ ನೆಲ ಕದಡಿದಷ್ಟೂ ಹೂಳು ಹೆಚ್ಚು. ಬೇಲಿ ಹಾಕಿ ಫಲಕ ನೆಟ್ಟರೆ ನಡೆದಾಡುವವರ ಚಪ್ಪಲಿಯನ್ನು ತಡೆಯಬಹುದು, ನದಿಯ ಹೂಳನ್ನು ತಡೆಯಲಾಗದು. ಪುರಾತತ್ವ ಇಲಾಖೆ ಚಿತ್ರವನ್ನು ನೋಡಿಕೊಂಡರೆ ಸಾಲದು. ಬಂಡೆ, ದಂಡೆ, ಜಲಾನಯನಗಳನ್ನು ಒಟ್ಟಾಗಿ ನೋಡುವವರು ಬೇಕು. ರತ್ನಾಗಿರಿಯ ಬಾರಸೂದಲ್ಲಿ ತೈಲ ಸಂಸ್ಕರಣಾಗಾರದ ವಿರುದ್ಧ 2023ರಲ್ಲಿ ಊರವರು ಸಿಡಿದಾಗ ಅಲ್ಲಿನ ಸಡಾದ ಶಿಲಾಚಿತ್ರಗಳ ಮಾತೂ ಬಂತು. ಅಲ್ಲಿನ ಹೋರಾಟಗಾರರು ಚಿತ್ರಗಳ ಜೊತೆಗೇ ಇಡೀ ಸಡಾವನ್ನು ಉಳಿಸಿ ಎಂದರು. ಅವರ ಅರಿವು ಅಧಿಕಾರಿಗಳ ಅರಿವಿಗಿಂತ ಮುಂದಿತ್ತು.

ಇನ್ನು ಪ್ರವಾಸೋದ್ಯಮ. 2011ರ ಜನಗಣತಿಯಲ್ಲಿ ಗೋವಾದ ಜನಸಂಖ್ಯೆ 14.58 ಲಕ್ಷ, 2024ರಲ್ಲಿ ಬಂದ ಪ್ರವಾಸಿಗರು ಒಂದು ಕೋಟಿಗೂ ಹೆಚ್ಚು. ಅವರಲ್ಲಿ ಬಹುಪಾಲು ಜನ ಕರಾವಳಿಯ ಕೆಲವೇ ಕಿಲೋಮೀಟರುಗಳಲ್ಲಿ ಕಿಕ್ಕಿರಿಯುತ್ತಾರೆ. ಒಳನಾಡಿಗೆ ಹೋಗುವವರದ್ದು ಹೆಚ್ಚಾಗಿ ದೂಧಸಾಗರದ ದಾರಿ. 310 ಮೀಟರ್ ಎತ್ತರದಿಂದ ಬೀಳುವ ಈ ಜಲಪಾತಕ್ಕೆ ಹಳಿಗಳ ಮೇಲೆ ನಡೆದು ಹೋಗುವವರ ಗುಂಪು 2023ರ ಜುಲೈನಲ್ಲಿ ಎಷ್ಟು ಬೆಳೆಯಿತೆಂದರೆ ನೈಋತ್ಯ ರೈಲ್ವೆ ತಡೆ ಹಾಕಬೇಕಾಯಿತು. ಹಳಿ ಮೇಲೆ ಬಂದವರಿಗೆ ರೈಲ್ವೆ ಪೊಲೀಸರು ಬಸ್ಕಿ ಹೊಡೆಸಿದ ವಿಡಿಯೊ ಊರೂರು ಸುತ್ತಿತು. ಸಾವಿರಾರು ಜನ, ಅವರಲ್ಲಿ ಕರ್ನಾಟಕದ ಯುವಕರೇ ಹೆಚ್ಚು, ಜೀವ ಕೈಯಲ್ಲಿ ಹಿಡಿದು ನೋಡಲು ಹೋಗುವ ಜಾಗದಲ್ಲಿ ನೀರು ಯಾವ ಬಂಡೆಯ ಮೇಲೆ ಬೀಳುತ್ತಿದೆ, ಘಟ್ಟ ಇಲ್ಲಿ ಹೀಗೇಕೆ ಕಡಿದಾಗಿ ನಿಂತಿದೆ ಎಂದು ಹೇಳುವವರು ಇರಬೇಕು. ಜನರನ್ನು ಹಿಂದಕ್ಕೆ ಅಟ್ಟುವ ಶಿಸ್ತಿಗೆ ಇರುವಷ್ಟೇ ಗಮನ ಬಂದವರಿಗೆ ತಿಳಿಸಿ ಕಳಿಸುವ ಕೆಲಸಕ್ಕೂ ಬೇಕು.

ನೇತ್ರಾವಳಿಯ ಗೋಪಿನಾಥ ದೇವಸ್ಥಾನದ ಬುಡ್‌ಬುಡಿ ತಳಿ ಇದಕ್ಕೆ ಹೇಳಿ ಮಾಡಿಸಿದ ಜಾಗ. ಕೊಳದ ತಳದಿಂದ ಗುಳ್ಳೆಗಳು ಎದ್ದು ಬರುತ್ತಲೇ ಇರುತ್ತವೆ. ಚಪ್ಪಾಳೆ ತಟ್ಟಿದರೆ ಹೆಚ್ಚು ಬರುತ್ತವೆ ಎಂದು ಬಂದವರೆಲ್ಲ ಚಪ್ಪಾಳೆ ತಟ್ಟುತ್ತಾರೆ. ಭಕ್ತಿಯೂ ಅಲ್ಲಿರಲಿ, ಬೆರಗೂ ಇರಲಿ. ಆ ಬೆರಗಿನ ಪಕ್ಕದಲ್ಲೇ ನೆಲದೊಳಗಿನಿಂದ ಅನಿಲ ಮೇಲೇಳುವ ವಿಚಾರವನ್ನು ಕೊಂಕಣಿ, ಮರಾಠಿ, ಕನ್ನಡದಲ್ಲಿ ನಾಲ್ಕು ಮಾತಿನಲ್ಲಿ ಹೇಳಿದರೆ ಮಕ್ಕಳು ಅದನ್ನು ಮನೆಗೆ ಒಯ್ಯುತ್ತಾರೆ. ಕನ್ನಡ ಏಕೆಂದರೆ ವಾಸ್ಕೊ, ಜುವಾರಿನಗರದ ದುಡಿಯುವ ಕುಟುಂಬಗಳಲ್ಲಿ ಕನ್ನಡದವರು ದೊಡ್ಡ ಸಂಖ್ಯೆಯಲ್ಲಿದ್ದಾರೆ, ವಾರಾಂತ್ಯಕ್ಕೆ ಘಾಟಿ ಇಳಿದು ಬರುವವರಲ್ಲೂ ಕನ್ನಡಿಗರೇ ಬಹಳ.

ಹಾಂಗ್‌ಕಾಂಗ್ ಈ ದಾರಿಯನ್ನು ತೋರಿಸಿಕೊಟ್ಟಿದೆ. ಗಗನಚುಂಬಿಗಳ ಆ ನಗರದ ಪೂರ್ವದ ಅಂಚಿನಲ್ಲಿ ಸುಮಾರು 14 ಕೋಟಿ ವರ್ಷ ಹಿಂದಿನ ಜ್ವಾಲಾಮುಖಿಯಿಂದಾದ ಆರು ಮೂಲೆಯ ಕಲ್ಲುಕಂಬಗಳಿವೆ. 2011ರಲ್ಲಿ ಅದಕ್ಕೆ ಯುನೆಸ್ಕೊ ಬೆಂಬಲದ ಜಾಗತಿಕ ಜಿಯೋಪಾರ್ಕ್ ಮನ್ನಣೆ ಸಿಕ್ಕಿತು. ತರಬೇತಿ ಪಡೆದ ಮಾರ್ಗದರ್ಶಿಗಳಿಗೆ ಅಲ್ಲಿ ಮಾನ್ಯತೆಯ ವ್ಯವಸ್ಥೆಯಿದೆ. ಜಿಯೋಪಾರ್ಕ್ ಎಂದರೆ ಬೇಲಿ ಹಾಕಿದ ಉದ್ಯಾನವಲ್ಲ. ಜನ ಬದುಕುವ ಪ್ರದೇಶವೇ ಜಿಯೋಪಾರ್ಕ್. ಸಂರಕ್ಷಣೆ, ಕಲಿಕೆ, ಸ್ಥಳೀಯರ ಜೀವನೋಪಾಯ ಮೂರೂ ಒಟ್ಟಿಗೆ ನಡೆಯುತ್ತಿವೆಯೇ ಎಂದು ನಾಲ್ಕು ವರ್ಷಕ್ಕೊಮ್ಮೆ ಪರೀಕ್ಷೆ ನಡೆಯುತ್ತದೆ. ನಡೆಯದಿದ್ದರೆ ಮನ್ನಣೆ ಹೋಗುತ್ತದೆ. ಚೀನಾ, ಜಪಾನ್, ಇಂಡೊನೇಷ್ಯಾ, ಮಲೇಷ್ಯಾಗಳು ಇದರಲ್ಲಿ ಮುಂದಿವೆ. ಜಗತ್ತಿನಲ್ಲಿ ಇನ್ನೂರಕ್ಕೂ ಹೆಚ್ಚು ಜಿಯೋಪಾರ್ಕುಗಳು ಆದರೂ ಭಾರತದ್ದು ಒಂದೂ ಅದರಲ್ಲಿ ಸೇರಿರಲಿಲ್ಲ. ಹಾಂಗ್‌ಕಾಂಗಿನಂಥದ್ದೇ ಕಂಬಗಲ್ಲುಗಳು ಮಲ್ಪೆಯಿಂದ ದೋಣಿಯಲ್ಲಿ ಹೋದರೆ ಸಿಗುತ್ತವೆ. ಭಾರತದಿಂದ ಮಡಗಾಸ್ಕರ್ ಬೇರೆಯಾದ ಘಟನೆಗೆ, ಸುಮಾರು 8.8 ಕೋಟಿ ವರ್ಷದ ಹಿಂದಿನದಕ್ಕೆ, ಸಾಕ್ಷಿಯಾಗಿ ನಿಂತ ಸೇಂಟ್ ಮೇರಿಸ್ ದ್ವೀಪ ಸಮೂಹ 2025ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿದ್ದು ಸಂತೋಷದ ಸುದ್ದಿ. ಅದೇ ವರ್ಷ ವರ್ಕಲದ ಕಡಲಬಂಡೆ, ಪಂಚಗಣಿ–ಮಹಾಬಳೇಶ್ವರದ ಲಾವಾ ಪದರಗಳೂ ಸೇರಿದವು. ಪಶ್ಚಿಮ ಕರಾವಳಿ, ಘಟ್ಟಗಳ ಸಾಲಿನಲ್ಲಿ ಗೋವಾದ ಮೇಲೂ ಕೆಳಗೂ ಭೂಪರಂಪರೆಯ ಹೆಸರಿನಲ್ಲಿ ತಾಣಗಳು ಎದ್ದು ನಿಂತಿವೆ. ನಡುವೆ ಗೋವಾ ಮಾತ್ರ ತನ್ನ ಇಗರ್ಜಿ, ಕಡಲತೀರಗಳ ಹೆಸರಿನಲ್ಲೇ ಇದೆ.

ಭೂಪರಂಪರೆ ಉಳಿಸುವ ಮಾತಿಗೆ ಬರುವ ಪ್ರಬಲ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಸಂರಕ್ಷಣೆ ಎಂಬ ಮಾತು ಕೇಳಿದರೆ ಸತ್ತರಿ, ಸಾಂಗೆಂನ ಹಳ್ಳಿಗರಿಗೆ ಭಯ. ಅಭಯಾರಣ್ಯ ಘೋಷಣೆಯಾದಾಗ ಗೇರುತೋಟ, ಗದ್ದೆಗಳ ಹಕ್ಕು ಅಡಕತ್ತರಿಯಲ್ಲಿ ಸಿಕ್ಕಿದ್ದನ್ನು ಅವರು ಕಂಡಿದ್ದಾರೆ. ಮಹದಾಯಿ ಅಭಯಾರಣ್ಯದ ಸುತ್ತ ಹುಲಿ ರಕ್ಷಿತಾರಣ್ಯ ಘೋಷಿಸಿ ಎಂದು ಹೈಕೋರ್ಟು 2023ರಲ್ಲಿ ಆದೇಶಿಸಿದಾಗ ಆ ಭಯ ಇನ್ನಷ್ಟು ಬೆಳೆಯಿತು. ಇನ್ನೊಂದು ನಿಷೇಧದ ಗೆರೆ ಬಂತು ಎಂದು ಅವರಿಗೆ ಅನಿಸಿದರೆ ತಪ್ಪಿಲ್ಲ. ಆದರೆ ಭೂಪರಂಪರೆಗೆ ಬೇಕಾದ ಜಾಗ ಕಾಡಿನಷ್ಟು ದೊಡ್ಡದಲ್ಲ. ಅನೇಕ ಕಡೆ ಒಂದು ಬಂಡೆಮೈ, ಒಂದು ರಸ್ತೆಬದಿಯ ಸೀಳು, ನದಿದಡದ ಒಂದು ಹಾಸು ಸಾಕು. ಸಡಾಗಳಿಗೆ ಮಾತ್ರ ವಿಸ್ತಾರ ಬೇಕು. ಅಲ್ಲಿಯೂ ದನ ಮೇಯಿಸುವುದು, ಜಾತ್ರೆ, ದೇವರ ಕಾರ್ಯಗಳು ನಡೆದುಕೊಂಡು ಬಂದಂತೆ ನಡೆಯಬೇಕು. ತಡೆಯಬೇಕಾದ್ದು ಗುಡ್ಡ ಅಗೆಯುವುದು, ಕಲ್ಲುಕೋರೆ, ಕಾಂಕ್ರೀಟು. ಅನಧಿಕೃತ ಕಲ್ಲುಕೋರೆಗಳು ಬಿಟ್ಟುಹೋದ, ನೀರು ತುಂಬಿದ ಹೊಂಡಗಳಿಂದ ಅಪಾಯ ಆ ಊರುಗಳ ಮಕ್ಕಳಿಗೇ. ಇದರಲ್ಲಿ ಹಳ್ಳಿಗರ ಹಿತ, ಕಲ್ಲಿನ ಹಿತ ಒಂದೇ.

ದುಡಿಮೆಯ ಮಾತೂ ಇದೆ. ಅಕ್ರಮ ಗಣಿಗಾರಿಕೆಯ ತನಿಖೆ ನಡೆಸಿದ ಷಾ ಆಯೋಗದ ವರದಿ ಬಂದ ಮೇಲೆ 2012ರಲ್ಲಿ ಕಬ್ಬಿಣದ ಗಣಿಗಳು ನಿಂತವು. 2014ರಲ್ಲಿ ಸುಪ್ರೀಂ ಕೋರ್ಟು ವರ್ಷಕ್ಕೆ ಎರಡು ಕೋಟಿ ಟನ್ನಿನ ಮಿತಿ ಹಾಕಿ ದಾರಿ ತೆರೆಯಿತು. 2018ರಲ್ಲಿ 88 ಗುತ್ತಿಗೆಗಳ ನವೀಕರಣವನ್ನೇ ರದ್ದು ಮಾಡಿತು. ಲಾರಿ, ಬಾರ್ಜ್, ಗ್ಯಾರೇಜು, ಕ್ಯಾಂಟೀನು ನಂಬಿದ ಸಾವಿರಾರು ಮನೆಗಳು ಪೆಟ್ಟು ತಿಂದವು. ಆ ಗಣಿಗಳಲ್ಲಿ ಅಳತೆ, ನಕ್ಷೆ, ಮಾದರಿ ಸಂಗ್ರಹ ಮಾಡಿದವರಿಗೆ ಅದಿರಿನ ಪದರ, ಜೇಡಿಯ ಪದರ, ನೀರಿನ ಮಟ್ಟ ಕಣ್ಣಿಗೆ ಕಟ್ಟಿದಂತೆ ಗೊತ್ತು. ಗಣಿ ಸೀಳಿದ ಗೋಡೆಗಳಲ್ಲಿ ಗುಡ್ಡದ ಒಳಗು ಮೇಲಿಂದ ಕೆಳಗೆ ತೆರೆದು ನಿಂತಿದೆ. ಸುಭದ್ರವಾದ ಒಂದೆರಡು ಗಣಿಗೋಡೆಗಳನ್ನು ಮುಚ್ಚದೆ, ರೇಲಿಂಗ್ ಹಾಕಿ, ಅದೇ ಊರಿನ ಹಳೆಯ ಗಣಿ ನೌಕರರನ್ನು ವಿವರಿಸುವವರನ್ನಾಗಿ ನೇಮಿಸಿದರೆ ಅದಕ್ಕಿಂತ ಒಳ್ಳೆಯ ಬಯಲು ತರಗತಿ ಇನ್ನೊಂದಿಲ್ಲ. ಗಣಿ ಮುಚ್ಚುವ ಯೋಜನೆಗಳಲ್ಲೇ ಇದನ್ನು ಬರೆಯಬಹುದು.

ಕಲಿಸುವವರ ಕೊರತೆಯೂ ಗೋವಾಕ್ಕಿಲ್ಲ. ಗೋವಾ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನದ ವಿಭಾಗವಿದೆ. ಪಣಜಿಯ ಧೆಂಪೆ ಕಾಲೇಜು, ಮಡಗಾಂವಿನ ಚೌಗುಲೆ ಕಾಲೇಜುಗಳಲ್ಲಿ ಭೂವಿಜ್ಞಾನ ಓದಿಸುತ್ತಾರೆ. 1966ರಲ್ಲಿ ಹುಟ್ಟಿದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ದೋನಾ ಪಾವ್ಲಾದಲ್ಲಿದೆ, ವಾಸ್ಕೊದ ಹೆಡ್‌ಲ್ಯಾಂಡ್ ಸಡಾದ ಮೇಲೆ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರವಿದೆ. ಅಂಟಾರ್ಕ್ಟಿಕಕ್ಕೆ ತಂಡ ಕಳಿಸುವ ಕೇಂದ್ರ ನಿಂತಿರುವುದೇ ಕೆಂಪುಕಲ್ಲಿನ ಹಾಸಿನ ಮೇಲೆ. ಇಷ್ಟು ಜನ ಬಲ್ಲವರು ಇಷ್ಟು ಹತ್ತಿರದಲ್ಲಿ ಇರುವ ರಾಜ್ಯ ಇನ್ನೊಂದು ಸಿಗುವುದು ಕಷ್ಟ. ಪ್ರತಿ ತಾಲ್ಲೂಕಿನ ಮುಖ್ಯ ಬಂಡೆಗಳ ಪಟ್ಟಿ, ನಕ್ಷೆ ಮಾಡುವ ಕೆಲಸವನ್ನು ಪದವಿ ವಿದ್ಯಾರ್ಥಿಗಳ ಕ್ಷೇತ್ರಕಾರ್ಯಕ್ಕೆ ಜೋಡಿಸಿದರೆ ಸರ್ಕಾರಕ್ಕೆ ಹೆಚ್ಚು ಖರ್ಚೂ ಇಲ್ಲ. ಯುನೆಸ್ಕೊ ಅಕ್ಟೋಬರ್ 6ನ್ನು ಅಂತರರಾಷ್ಟ್ರೀಯ ಭೂವೈವಿಧ್ಯ ದಿನವಾಗಿ ಸಾರಿದೆ. ಮಳೆ ಹಿಂದೆ ಸರಿದು ಸಡಾ ಇನ್ನೂ ಹಸಿರಾಗಿರುವ ಹೊತ್ತು ಅದು. ಏಳನೆಯ ತರಗತಿಯ ಮಕ್ಕಳನ್ನು ಅಂದು ತಮ್ಮ ಊರಿನ ಗುಡ್ಡಕ್ಕೇ ಕರೆದೊಯ್ಯಬೇಕು. ಗ್ರ್ಯಾಂಡ್ ಕ್ಯಾನ್ಯನ್ನಿನ ಚಿತ್ರ ತೋರಿಸಿ ಪಾಠ ಮಾಡುವುದಕ್ಕಿಂತ ಶಾಲೆಯ ಹಿಂದಿನ ಕಲ್ಲನ್ನು ಮುಟ್ಟಿಸುವುದು ಮೇಲು.

ತುರ್ತಾಗಿ ಆಗಬೇಕಾದ್ದು ಉಸ್ಗಾಳಿಮಳದ್ದು. ತಾತ್ಕಾಲಿಕ ಪಟ್ಟಿಯಿಂದ ಪೂರ್ಣ ನಾಮನಿರ್ದೇಶನಕ್ಕೆ ಹೋಗಬೇಕಾದರೆ ತಾಣದ ಗಡಿ, ಸುತ್ತಲಿನ ರಕ್ಷಣಾ ವಲಯ, ನಿರ್ವಹಣಾ ಯೋಜನೆ ಮೂರನ್ನೂ ಯುನೆಸ್ಕೊ ಕೇಳುತ್ತದೆ. ಆ ಗಡಿಯನ್ನು ಚಿತ್ರಗಳಿರುವ ಹಾಸಿಗಷ್ಟೇ ಎಳೆದರೆ ಕೆಲಸ ಸುಲಭ, ಫಲ ಶೂನ್ಯ. ಕುಶಾವತಿಯ ಎರಡೂ ದಂಡೆ, ಮೇಲ್ದಂಡೆಯ ಗಣಿನೆಲ, ಕೆಂಪುಕಲ್ಲಿನ ಇಡೀ ಹಾಸು ಅದರೊಳಗೆ ಬರಬೇಕು. ಟಿಕೆಟ್ಟಿನ ಹಣದಲ್ಲಿ ರಿವಣ ಪಂಚಾಯಿತಿಗೆ ಪಾಲು ಇರಬೇಕು. ದಾರಿ ತೋರಿಸುವ ಕೆಲಸ ಆ ಊರಿನ ಯುವಕ ಯುವತಿಯರದ್ದಾಗಬೇಕು. ನಕ್ಷೆಗೆ ಗೆರೆ ಎಳೆಯುವ ಮೇಜಿನ ಸುತ್ತ ಪುರಾತತ್ವ ಇಲಾಖೆಯವರ ಜೊತೆಗೆ ಒಬ್ಬ ಭೂವಿಜ್ಞಾನಿ, ಒಬ್ಬ ಜಲತಜ್ಞ, 1993ರಲ್ಲಿ ಆ ಚಿತ್ರಗಳನ್ನು ಹೊರಗಿನವರಿಗೆ ತೋರಿಸಿಕೊಟ್ಟ ಊರಿನ ಹಿರಿಯರು ಕೂತಿರಬೇಕು.